ಕೋಟಿ ಬಣ್ಣದ ಬಲ್ಬು, ಪಿನ್ ಹೋಲ್ಡರು

ಗುಂಡ್ಲುಪೇಟೆಯಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋಗುವುದೂ ಬರುವುದೂ ಯಾರಿಗೂ ಸುದ್ದಿಯಲ್ಲ. ಊಟಿ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗಿರುವ ಒಂದು ಮನೆಯಲ್ಲಿ ಮಾತ್ರ ಅದು ದೊಡ್ಡ ಸುದ್ದಿಯಾಯಿತು. ನಡುರಾತ್ರಿ ದಾಟಿದ ಮೇಲೆ ಕರೆಂಟು ಬಂದದ್ದೇ ತಡ, ಮಲಗುವಾಗ ಮೊಬೈಲಿನಿಂದ ಆರಿಸಿದ್ದ ಬಲ್ಬುಗಳೆಲ್ಲ ಒಟ್ಟಿಗೇ ಬೆಳ್ಳಗೆ ಹತ್ತಿಕೊಂಡವು. ಅಜ್ಜಿ ಬೆಳಗಾಯಿತೆಂದು ಎದ್ದು ಹಂಡೆಗೆ ನೀರು ಹೊಯ್ದರು. ಮಾರನೇ ಸಂಜೆ ಹಾಲ್‌ನ ಬಲ್ಬು ಯಾರೂ ಮುಟ್ಟದೆಯೇ ಮಿಟುಕತೊಡಗಿತು.

ಅದನ್ನು ನೋಡಲು ಬಂದವರು ಅಜ್ಜಿಯ ಕಿರಿಮಗ. ಊರಿನಲ್ಲಿ ವೈರಿಂಗ್ ಕೆಲಸಕ್ಕೆ ಹೆಸರಾದವರು. ಬಲ್ಬು ತಂದು ಹಾಕಿದ್ದು ಅವರ ಅಕ್ಕನ ಮಗಳು, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವಾಕೆ.

"ಹೋಲ್ಡರ್ ಲೂಸಾಗದ," ಎಂದರು ಮಾವ, ಏಣಿ ಹತ್ತುತ್ತ.

"ಹೋಲ್ಡರ್ ಸರಿಯಾಗೇ ಇದೆ ಮಾವ. ಸ್ವಿಚ್ಚನ್ನ ಬೇಗಬೇಗ ಮೂರೋ ಐದೋ ಸಲ ಆಫ್ ಆನ್ ಮಾಡಿದ್ರೆ ಇದು ಹಳೇದನ್ನೆಲ್ಲ ಮರೆತು ಹೊಸದಾಗಿ ಮೊಬೈಲಿಗೆ ಜೋಡಿಸ್ಕೊಳೋಕೆ ಕಾಯುತ್ತೆ. ಕಾಯ್ತಿದೀನಿ ಅಂತ ಹೇಳೋಕೆ ಮಿಟುಕುತ್ತೆ. ನಿನ್ನೆ ಗಾಳಿಗೆ ಕರೆಂಟು ಸಾಲಾಗಿ ಹೋಗಿ ಹೋಗಿ ಬಂತಲ್ಲ, ಅದನ್ನ ನಮ್ಮ ಬೆರಳು ಅಂದ್ಕೊಂಡಿದೆ."

"ಅಂದ್ರ ತಂತಿ ಮೇಲೆ ಬಿದ್ದ ತೆಂಗಿನ ಗರಿ ನಿನ್ನ ಬಲ್ಬನ ರೀಸೆಟ್ ಮಾಡ್ತು ಅನ್ನು."

"ಹೆಚ್ಚೂಕಮ್ಮಿ ಹಾಗೇ."

ಮಾವ ಏಣಿಯಿಂದ ಇಳಿದರು. ಅವರ ಕಸುಬಿನಲ್ಲಿ ದೋಷವೆಂದರೆ ತಂತಿ ಸುಟ್ಟಿರಬೇಕು, ಕರಿ ಹಿಡಿದಿರಬೇಕು, ಟೆಸ್ಟರಿಗೆ ಸಿಗಬೇಕು. ಇಲ್ಲಿ ಎಲ್ಲವೂ ಸರಿಯಿದ್ದೂ ದೋಷವಿತ್ತು. ರಾತ್ರಿಯ ಹಾಲುಬಿಳುಪಿಗೂ ಇಂಥದೇ ಕಾರಣ. ಕರೆಂಟು ಹೋಗಿ ಬಂದಾಗ ಹತ್ತಬೇಕೋ, ಆರಿರಬೇಕೋ, ಮೊದಲು ಇದ್ದ ಸ್ಥಿತಿಗೆ ಮರಳಬೇಕೋ ಎಂಬುದು ಈ ಬಲ್ಬುಗಳಲ್ಲಿ ಒಂದು ಸೆಟ್ಟಿಂಗು. ಪೆಟ್ಟಿಗೆಯಿಂದ ಬರುವಾಗ ಹಲವು ಬಲ್ಬುಗಳಲ್ಲಿ ಅದು 'ಹತ್ತು' ಎಂದೇ ಇರುತ್ತದೆ. ಅದಕ್ಕೂ ನ್ಯಾಯವಿದೆ: ಮೊಬೈಲು ಕೈಕೊಟ್ಟರೂ ಗೋಡೆಯ ಸ್ವಿಚ್ಚು ಆಫ್ ಮಾಡಿ ಆನ್ ಮಾಡಿದರೆ ಬೆಳಕು ಬರಲೇಬೇಕಲ್ಲ? ಕರೆಂಟು ಅಪರೂಪಕ್ಕೆ ಹೋಗುವ ಊರಿನಲ್ಲಿ ಕೂತು ಮಾಡಿದ ಈ ಲೆಕ್ಕ, ದಿನಕ್ಕೊಮ್ಮೆ ಹೋಗುವ ಊರಿಗೆ ಬಂದಾಗ ಅಜ್ಜಿಯನ್ನು ಎಬ್ಬಿಸುತ್ತದೆ.

"ಹೊಡೆದು ನೋಡದ, ಒಳಗ ಏನದ," ಎಂದರು ಮಾವ.

ಕೆಟ್ಟು ಕೂತಿದ್ದ ಒಂದು ಬಲ್ಬು ಅವರ ಕೈಗೆ ಬಂತು. ಅದು ಪಿನ್ನಿನ ಬಲ್ಬು. ಹೊರದೇಶದ ಬಣ್ಣದ ಬಲ್ಬುಗಳಲ್ಲಿ ಬಹಳಷ್ಟು ತಿರುಪಿನವು. ನಮ್ಮ ಮನೆಗಳಲ್ಲಿ ಇರುವುದು ಬ್ರಿಟಿಷರ ಕಾಲದಿಂದ ಉಳಿದ ಎರಡು ಪಿನ್ನಿನ ಹೋಲ್ಡರು. ಇಲ್ಲಿ ಮಾರಾಟವಾಗಬೇಕಾದರೆ ಕೋಟಿ ಬಣ್ಣದ ಬಲ್ಬೂ ಆ ಪಿನ್ನಿಗೆ ತಲೆಬಾಗಬೇಕು. ಪ್ಲಾಸ್ಟಿಕ್ ಬುರುಡೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಕಾಫಿ ಲೋಟದ ಬಾಯಷ್ಟಗಲದ ಬಿಳಿ ತಗಡು ಕಂಡಿತು. ತಗಡಿನ ಮೇಲೆ ಎಳ್ಳಿಗಿಂತ ತುಸು ದೊಡ್ಡ ಚೌಕಗಳು: ಕೆಲವು ತಿಳಿಹಳದಿ, ಕೆಲವು ಗಾಢ ಹಳದಿ, ಕೆಲವು ನೀರಿನ ಹನಿಯಂತೆ ಪಾರದರ್ಶಕ. ನಡುವೆ ಸೀಳಿನಿಂದ ಮೇಲಕ್ಕೆ ಎದ್ದು ನಿಂತ ಹಸಿರು ಬೋರ್ಡಿನ ತುಂಡು, ಅದರ ತುದಿಯಲ್ಲಿ ಹಾವಿನ ನಡೆಯಂತೆ ಅಂಕುಡೊಂಕಾದ ತಾಮ್ರದ ಗೆರೆ.

"ಆ ಗೆರೆಯೇ ಆಂಟೆನಾ. ವೈಫೈ ಹಿಡಿಯೋದು ಅದೇ," ಎಂದಳು ಹುಡುಗಿ. "ಹಳದಿ ಚೌಕ ಬಿಳಿ ಬೆಳಕಿಗೆ. ತಿಳಿದು ತಂಪು ಬಿಳಿ, ಗಾಢದ್ದು ಬೆಚ್ಚನೆ ಬಿಳಿ. ಪಾರದರ್ಶಕ ಇರೋವು ಕೆಂಪು, ಹಸಿರು, ನೀಲಿ."

"ಬಿಳಿಗೆ ಹಳದಿ ಯಾಕ?"

"ಹಳದಿ ಬರೀ ಲೇಪ ಮಾವ. ಅದರ ಕೆಳಗೆ ಇರೋದು ನೀಲಿ ಎಲ್ಇಡಿ."

ಈ ನೀಲಿಯ ಕತೆ ದೊಡ್ಡದು. ಕೆಂಪು ಎಲ್ಇಡಿ 1962ರಲ್ಲೇ ಬಂದಿತ್ತು. ರೇಡಿಯೋ, ಕ್ಯಾಲ್ಕುಲೇಟರುಗಳಲ್ಲಿ ಮಿನುಗುತ್ತಿದ್ದದ್ದು ಅದೇ. ಪ್ರಖರವಾದ ನೀಲಿಗೆ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಗ್ಯಾಲಿಯಂ ನೈಟ್ರೈಡಿನ ಹರಳನ್ನು ದೋಷವಿಲ್ಲದಂತೆ ಬೆಳೆಸುವುದು ಆಗದ ಕೆಲಸವೆಂದು ಬಹಳ ಜನ ಕೈಬಿಟ್ಟಿದ್ದರು. ಜಪಾನಿನಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಜೋಡಿಯಾಗಿ, ಶುಜಿ ನಕಮುರಾ ಬೇರೆಯಾಗಿ ಹಟ ಹಿಡಿದು ಅದನ್ನು ಸಾಧಿಸಿದರು. 2014ರ ಭೌತವಿಜ್ಞಾನದ ನೊಬೆಲ್ ಈ ಮೂವರಿಗೆ ಬಂತು. ನೀಲಿ ಸಿಕ್ಕಿದ ಮೇಲೆ ಅದಕ್ಕೆ ಹಳದಿ ಫಾಸ್ಫರಿನ ಲೇಪ ಹಚ್ಚಿ ಬಿಳಿ ಮಾಡುವುದು ಸುಲಭವಾಯಿತು. ಕರ್ನಾಟಕದಲ್ಲಿ 2015ರ ಕೊನೆಯಲ್ಲಿ 'ಹೊಸಬೆಳಕು' ಯೋಜನೆಯಡಿ ಕಡಿಮೆ ಬೆಲೆಗೆ ಮಾರಿದ ಒಂಬತ್ತು ವ್ಯಾಟಿನ ಬಲ್ಬುಗಳ ಒಳಗೆ ಇದ್ದದ್ದೂ ಈ ನೀಲಿಯೇ.

"ಆ ಯೋಜನೆ ಬಲ್ಬು ನಮ್ಮಟ್ಟಿಲಿ ಇನ್ನೂ ಒಂದು ಉರೀತದ," ಎಂದರು ಮಾವ ಹೆಮ್ಮೆಯಿಂದ. "ಬಣ್ಣ ಗಿಣ್ಣ ಇಲ್ಲ. ಸ್ವಿಚ್ ಹಾಕುದ್ರ ಹತ್ತದ, ತಗುದ್ರ ಆರ್ತದ. ನಿಂದು ಎಷ್ಟು ಬಣ್ಣ?"

"ಪೆಟ್ಟಿಗೆ ಮೇಲೆ ಒಂದು ಕೋಟಿ ಅರವತ್ತು ಲಕ್ಷ ಅಂತ ಹಾಕಿದಾರೆ."

"ಯಾರು ಎಣಿಸವ್ರ?"

ಯಾರೂ ಎಣಿಸಿಲ್ಲ, ಗುಣಿಸಿದ್ದಾರೆ. ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಸೊನ್ನೆಯಿಂದ 255ರವರೆಗೆ 256 ಮೆಟ್ಟಿಲು. ಮೂರನ್ನೂ ಗುಣಿಸಿದರೆ 1,67,77,216. ಅದು ಬಲ್ಬಿಗೆ ಕೊಡಬಹುದಾದ ಅಪ್ಪಣೆಗಳ ಸಂಖ್ಯೆ ಅಷ್ಟೆ. ಪಕ್ಕಪಕ್ಕದ ಎರಡು ಮೆಟ್ಟಿಲುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಈ ದೊಡ್ಡ ಸಂಖ್ಯೆಗೆ ಮರುಳಾಗಿ ಬಲ್ಬು ಕೊಂಡವರು ಮೊದಲ ವಾರ ಇಡೀ ಚಕ್ರ ತಿರುಗಿಸುತ್ತಾರೆ, ಆಮೇಲೆ ಎರಡು ಮೂರು ಬಣ್ಣದಲ್ಲಿ ನೆಲೆ ನಿಲ್ಲುತ್ತಾರೆ. ಹುಡುಗಿಯೂ ಹಾಗೇ ಮಾಡಿದ್ದಳು. ನಿಲ್ಲುವ ಮುಂಚೆ ಮಾತ್ರ ಒಂದಿಷ್ಟು ಪರೀಕ್ಷೆ ನಡೆಸಿದ್ದಳು.

ಅದನ್ನು ಮಾವನಿಗೂ ತೋರಿಸಿದಳು. ಕಿಟಕಿ ಮುಚ್ಚಿ, ಮೇಜಿನ ದೀಪವನ್ನು ಅಪ್ಪಟ ಕೆಂಪಿಗೆ ತಂದು, ಬಿಳಿ ಹಾಳೆಯ ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟಳು. ಕುಂಕುಮ ಹಾಳೆಯಲ್ಲಿ ಕರಗಿಹೋಯಿತು. ಎರಡೂ ಕೆಂಪನ್ನು ಹೆಚ್ಚೂಕಮ್ಮಿ ಒಂದೇ ಸಮ ಹಿಂದಕ್ಕೆ ಕಳಿಸುವುದರಿಂದ ಕಣ್ಣಿಗೆ ಅಂಚೇ ಸಿಗಲಿಲ್ಲ. ಪಕ್ಕದಲ್ಲಿಟ್ಟ ವೀಳ್ಯದೆಲೆ ಕಪ್ಪಿಟ್ಟಿತು. ನೀಲಿಗೆ ತಿರುಗಿಸಿದಾಗ ಕುಂಕುಮ ಇದ್ದಿಲ ಪುಡಿಯಾಗಿ ಕಾಣಿಸಿಕೊಂಡಿತು. ಕೊನೆಗೆ ಮೂರೂ ಬಣ್ಣ ಸೇರಿಸಿ 'ಬಿಳಿ' ಮಾಡಿದಳು. ಹಾಳೆ ಬೆಳ್ಳಗಾಯಿತು. ಆದರೆ ಮಾವನ ಕೈ ಯಾರದೋ ಕೈಯಂತೆ ಕಂಡಿತು.

"ಬಿಳಿಯೇನೋ ಆಯ್ತು, ಚರ್ಮ ಯಾಕ ಹಿಂಗ ಸತ್ತಂಗ ಕಾಣದು?"

"ಬಿಸಿಲಲ್ಲಿ ಕಾಮನಬಿಲ್ಲಿನ ಎಲ್ಲಾ ಬಣ್ಣವೂ ಸಾಲಾಗಿ ಇರುತ್ತೆ. ಇಲ್ಲಿ ಮೂರೇ ಕಡೆ ರಾಶಿ, ನಡುವೆ ಹಳ್ಳ. ಅದರಲ್ಲೂ ಹಳದಿ ಇರೋ ಜಾಗದಲ್ಲಿ ದೊಡ್ಡ ಹಳ್ಳ. ಅದಕ್ಕೇ ಒಳ್ಳೇ ಬಲ್ಬಲ್ಲಿ ಬಿಳಿಗೆ ಬೇರೇನೇ ಚೌಕ ಇಡ್ತಾರೆ. ಕಡಿಮೆ ಬೆಲೆಯವು ಮೂರರಲ್ಲೇ ಮುಗಿಸ್ತವೆ."

"ಹೂವಿನ ಅಂಗಡಿಗೆ ಇದ ಹಾಕ್ಬುಟ್ರ ಯಾಪಾರ ಮುಗೀತು."

ಗುಂಡ್ಲುಪೇಟೆಯ ಮಾತಿನಲ್ಲಿ ಹೂವು ಬರದೆ ಇರುವುದಿಲ್ಲ. ಓಣಂ ಹತ್ತಿರ ಬಂದರೆ ಕೇರಳದ ಹೆದ್ದಾರಿಯ ಎರಡೂ ಬದಿ ಚೆಂಡುಹೂ, ಸೂರ್ಯಕಾಂತಿ ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳುವವರ ಸಾಲು. ಆ ಚೆಂಡುಹೂವಿನಲ್ಲಿ ಬಹುಪಾಲು ದೇವರಿಗೂ ಹೋಗುವುದಿಲ್ಲ, ಮುಡಿಗೂ ಹೋಗುವುದಿಲ್ಲ. ಕಾರ್ಖಾನೆಗೆ ಹೋಗಿ ಬಣ್ಣದ ಸತ್ವವಾಗುತ್ತದೆ. ಕೋಳಿಮೇವಿಗೆ ಬೆರೆಸಿದ ಆ ಸತ್ವ ಮೊಟ್ಟೆಯ ಹಳದಿಯಾಗಿ ಹೊರಬರುತ್ತದೆ. ಬಣ್ಣವನ್ನು ಕ್ವಿಂಟಾಲ್ ಲೆಕ್ಕದಲ್ಲಿ ಮಾರುವ ತಾಲ್ಲೂಕು ಇದು.

ಮಾವನಿಗೂ ಬಣ್ಣದ ಬೆಳಕು ಹೊಸದಲ್ಲ. ವಯಸ್ಸಿನಲ್ಲಿ ಚಾಮರಾಜನಗರದ ಆಷಾಢದ ತೇರಿಗೆ, ಸುತ್ತಲ ಊರಹಬ್ಬಗಳಿಗೆ ಸೀರಿಯಲ್ ಸೆಟ್ ಕಟ್ಟಿದವರು. ದೀಪ ಓಡುವಂತೆ ಕಾಣಿಸಲು ಆಗ ಚಿಪ್ಪಿರಲಿಲ್ಲ. ಮರದ ಉರುಳೆಗೆ ಹಿತ್ತಾಳೆ ಪಟ್ಟಿಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಮೊಳೆ ಹೊಡೆಯುತ್ತಿದ್ದರು. ಸಣ್ಣ ಮೋಟಾರು ಉರುಳೆಯನ್ನು ತಿರುಗಿಸಿದಂತೆ ಮೇಲೆ ಒರಗಿದ ತಗಡಿನ ನಾಲಿಗೆಗಳು ಪಟ್ಟಿಗೆ ತಾಗಿ ಬಿಟ್ಟು, ಸಾಲು ಸಾಲು ಬಲ್ಬು ಹತ್ತಿ ಆರುತ್ತಿದ್ದವು. ನವಿಲು ಗರಿ ಬಿಚ್ಚಬೇಕಾದರೆ ಯಾವ ಪಟ್ಟಿ ಎಷ್ಟುದ್ದ ಎಂಬುದು ಅವರ ತಲೆಯಲ್ಲಿತ್ತು. ಕಿಡಿ ಹಾರಿ ನಾಲಿಗೆ ಸವೆದರೆ ಮರಳು ಕಾಗದದಲ್ಲಿ ಉಜ್ಜಬೇಕು.

"ನೀವು ಮಾಡ್ತಿದ್ದದ್ದೂ ಪ್ರೋಗ್ರಾಮಿಂಗೇ," ಎಂದಳು ಹುಡುಗಿ. "ಈಗ ಎಲ್ಇಡಿ ಪಟ್ಟಿಯಲ್ಲಿ ಒಂದೊಂದು ದೀಪದ ಒಳಗೂ ಪುಟ್ಟ ಚಿಪ್ಪಿರುತ್ತೆ. ಒಂದೇ ತಂತಿಯಲ್ಲಿ ಬಂದ ಸಂದೇಶದಲ್ಲಿ ಮೊದಲ ದೀಪ ತನ್ನ ಪಾಲಿನ ಇಪ್ಪತ್ತನಾಲ್ಕು ಬಿಟ್ ತಗೊಂಡು ಮಿಕ್ಕಿದ್ದನ್ನ ಮುಂದಕ್ಕೆ ದಾಟಿಸುತ್ತೆ."

"ಸರಿ, ಬುಡು. ಅಜ್ಜಿ ಸ್ವಿಚ್ ತಗುದ್ರ ಏನಾಯ್ತದ?"

ಇದು ಮನೆಯ ನಿಜವಾದ ಜಗಳ. ಅಜ್ಜಿ ಎಂಟು ಗಂಟೆಗೆ ಹಾಲ್‌ನ ಸ್ವಿಚ್ಚು ತೆಗೆಯುತ್ತಾರೆ. ಕೋಣೆಯಿಂದ ಹೊರಟವರು ದೀಪ ಆರಿಸಬೇಕೆಂಬುದು ಅವರು ಕಲಿತ ಮೊದಲ ವಿದ್ಯುತ್ ಪಾಠ. ಸ್ವಿಚ್ಚು ತೆಗೆದರೆ ಬಲ್ಬಿನ ರೇಡಿಯೋಗೂ ಕರೆಂಟಿಲ್ಲ. ಮೊಬೈಲಿನಲ್ಲಿ 'ಆಫ್‌ಲೈನ್' ಎಂದು ಬರುತ್ತದೆ, ಹುಡುಗಿ ಕೆಳಗಿಳಿದು ಬಂದು ಸ್ವಿಚ್ಚು ಹಾಕುತ್ತಾಳೆ, ಅಜ್ಜಿ ಮತ್ತೆ ತೆಗೆಯುತ್ತಾರೆ. ಮಾತಿನಲ್ಲಿ ಹೇಳಿದರೆ ಕೇಳುವ ಡಬ್ಬಿಯನ್ನೂ ತಂದಿಟ್ಟಾಗಿದೆ. ಆ ಡಬ್ಬಿಗೆ ಅಜ್ಜಿಯ ಕನ್ನಡ ಅರ್ಥವಾಗುವುದಿಲ್ಲ, ಅಜ್ಜಿಗೆ ಡಬ್ಬಿಯೊಡನೆ ಮಾತಾಡುವ ದರ್ದಿಲ್ಲ.

"ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿಬಿಡ್ಲಾ ಅಂತ ಯೋಚಿಸಿದ್ದೆ."

"ತಪ್ಪು ಕಣವ್ವ," ಎಂದರು ಮಾವ ತಟ್ಟನೆ. "ಮನೇಲಿ ಬೆಂಕಿ ಗಿಂಕಿ ಅಂದ್ರ ಮೊದಲು ಕೈ ಹೋಗದು ಸ್ವಿಚ್ಚಿಗೆ. ಅದಕ್ಕ ಟೇಪ್ ಹಚ್ಚಬಾರದು. ಬುದ್ಧಿನ ಬಲ್ಬಲ್ಲಿ ಇಡಬ್ಯಾಡ, ಬೋರ್ಡಲ್ಲಿ ಇಡು. ಸ್ವಿಚ್ಚಿನ ಹಿಂದ ಕೂರಿಸ ಚಿಕ್ಕ ರಿಲೇ ಬತ್ತದಲ್ಲ?"

"ಬರುತ್ತೆ. ಆಗ ಅಜ್ಜಿ ಸ್ವಿಚ್ ಒತ್ತಿದ್ರೂ ಕೆಲಸ ಮಾಡುತ್ತೆ, ನಾನು ಮೊಬೈಲಲ್ಲಿ ಒತ್ತಿದ್ರೂ ಮಾಡುತ್ತೆ. ಆದರೆ ಅದಕ್ಕೆ ನ್ಯೂಟ್ರಲ್ ಬೇಕಂತೆ, ನಮ್ಮ ಬೋರ್ಡಲ್ಲಿ ಇದೆಯೋ ಇಲ್ವೋ."

ಇಲ್ಲಿ ಮಾವ ಗೆದ್ದರು. ಹಳೆಯ ವೈರಿಂಗಿನಲ್ಲಿ ಬರೀ ಲೈಟಿನ ಸ್ವಿಚ್ಚಿಗೆ ಫೇಸ್ ಮಾತ್ರ ಇಳಿಸಿ ಮೇಲೆ ಕಳಿಸುತ್ತಿದ್ದರು. ನ್ಯೂಟ್ರಲ್ ನೇರ ಹೋಲ್ಡರಿಗೆ ಹೋಗುತ್ತಿತ್ತು. ರಿಲೇಯ ಒಳಗಿನ ಚಿಪ್ಪು ಸದಾ ಎಚ್ಚರವಿರಬೇಕಾದರೆ ಎರಡೂ ತಂತಿ ಬೇಕು. "ಪ್ಲಗ್ ಪಾಯಿಂಟ್ ಇರೋ ಬೋರ್ಡಲ್ಲಿ ನ್ಯೂಟ್ರಲ್ ಇದ್ದೇ ಇರ್ತದ," ಎಂದರು. "ಈ ಮನೆ ಹಾಲ್ ಬೋರ್ಡಲ್ಲಿ ಅದ. ಎಳದವ್ನು ನಾನೇ." ರಿಲೇಯಿಂದ ಬಣ್ಣ ಬರುವುದಿಲ್ಲ, ಆರಿಸಬಹುದು ಹತ್ತಿಸಬಹುದು ಅಷ್ಟೆ. ಹಾಲ್‌ಗೆ ಅದಕ್ಕಿಂತ ಹೆಚ್ಚು ಬೇಕಿಲ್ಲವೆಂದು ಹುಡುಗಿಗೂ ಅಷ್ಟು ಹೊತ್ತಿಗೆ ಅನ್ನಿಸಿತ್ತು.

"ಇನ್ನೊಂದು ಕೇಳ್ತೀನಿ. ಆರಿದ್ರೂ ಎಚ್ಚರ ಅದ ಅಂದ್ಯಲ್ಲ. ಎಚ್ಚರಕ್ಕ ಕರೆಂಟ್ ಬ್ಯಾಡ್ವಾ?"

ಹುಡುಗಿ ಲೆಕ್ಕ ಮಾಡಿದಳು. ಆರಿದ ಬಲ್ಬಿಗೆ ಅರ್ಧ ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಗೆ 0.36 ಯೂನಿಟ್, ಆರು ಬಲ್ಬಿಗೆ ಎರಡು ಯೂನಿಟ್ಟಿನ ಮೇಲೆ. ಒಂಬತ್ತು ವ್ಯಾಟಿನ ಅದೇ ಆರು ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಎಂಟು ಯೂನಿಟ್. ಉರಿಯಲು ತಿನ್ನುವುದರ ಕಾಲು ಭಾಗಕ್ಕಿಂತ ಹೆಚ್ಚನ್ನು ಸುಮ್ಮನಿರಲು ತಿನ್ನುತ್ತವೆ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಇನ್ನೂರು ಯೂನಿಟ್ಟಿನ ಒಳಗಿರುವ ಮನೆಗಳಿಗೆ ಇದು ಬಿಲ್ಲಿನಲ್ಲಿ ಕಾಣಲಿಕ್ಕಿಲ್ಲ. ಆದರೆ ಆ ಯೋಜನೆ ಶುರುವಾದಾಗ ಪ್ರತಿ ಮನೆಗೂ ಹಿಂದಿನ ವರ್ಷದ ಸರಾಸರಿಗೆ ಶೇಕಡಾ ಹತ್ತು ಸೇರಿಸಿ ಮಿತಿ ಹಾಕಿದ್ದರಿಂದ, ಕಡಿಮೆ ಬಳಸುತ್ತಿದ್ದ ಮನೆಗೆ ಎರಡು ಯೂನಿಟ್ಟೂ ಲೆಕ್ಕಕ್ಕೆ ಬರುತ್ತಿತ್ತು. ಹಾಗೆಂದು ಅಳಬೇಕಾದ್ದೂ ಇಲ್ಲ: ಹಳೆಯ ಅರವತ್ತರ ಬಲ್ಬು ಒಂದೇ ಐದು ಗಂಟೆಯಂತೆ ಉರಿದರೆ ತಿಂಗಳಿಗೆ ಒಂಬತ್ತು ಯೂನಿಟ್ ಆಗುತ್ತಿತ್ತು.

ಕಾಫಿ ಬಂತು. ವೈಫೈ, ಜಿಗ್‌ಬೀ, ಮ್ಯಾಟರ್ ಎಂಬ ಮೂರು ಹೆಸರುಗಳನ್ನು ಹುಡುಗಿ ಕಾಫಿಯ ಜೊತೆಗೇ ಮುಗಿಸಿದಳು. ವೈಫೈ ಬಲ್ಬು ಮನೆಯ ರೌಟರಿಗೆ ನೇರ ಸೇರುತ್ತದೆ, ಅದೂ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ; ಜೋಡಿಸುವಾಗ ಸತಾಯಿಸುವುದು ಬಹಳ ಸಲ ಇದರಿಂದಲೇ. ಜಿಗ್‌ಬೀ ಬಲ್ಬುಗಳು ತಮ್ಮತಮ್ಮಲ್ಲೇ ಸಂದೇಶ ದಾಟಿಸಿಕೊಳ್ಳುತ್ತವೆ, ಅವಕ್ಕೊಂದು ಪ್ರತ್ಯೇಕ ಡಬ್ಬಿ ಬೇಕು. 2012ರಲ್ಲಿ ಬಂದ ಫಿಲಿಪ್ಸ್ ಹ್ಯೂ ಈ ದಾರಿಯಲ್ಲಿ ಹೆಸರು ಮಾಡಿತು. ಯಾವ ಕಂಪನಿಯ ಬಲ್ಬಾದರೂ ಯಾವ ಆ್ಯಪಿಗಾದರೂ ಸೇರಲಿ ಎಂದು 2022ರಲ್ಲಿ ಬಂದ ಒಪ್ಪಂದ ಮ್ಯಾಟರ್.

"ಕಂಪನಿ ಮುಚ್ಚೋದ್ರ?"

"ಒಳ್ಳೇ ಪ್ರಶ್ನೆ ಮಾವ. ಆಸ್ರಾಮ್ ಅಂತ ಜರ್ಮನಿಯ ದೊಡ್ಡ ಹೆಸರು. ಅವರ ಲೈಟಿಫೈ ಬಲ್ಬುಗಳ ಸರ್ವರ್ ಅನ್ನ 2021ರ ಆಗಸ್ಟ್ ಕೊನೆಗೆ ನಿಲ್ಲಿಸಿದ್ರು. ಬಲ್ಬು ಗಟ್ಟಿಮುಟ್ಟಾಗೇ ಇತ್ತು, ಮನೆಯಿಂದ ಹೊರಗಿದ್ದು ನಡೆಸೋದು ಹೋಯ್ತು. ಅದಕ್ಕೂ ಮುಂಚೆ 2016ರಲ್ಲಿ ಇಸ್ರೇಲಿನ, ಕೆನಡಾದ ಸಂಶೋಧಕರು ಡ್ರೋನಿಗೆ ರೇಡಿಯೋ ಕಟ್ಟಿ, ಮುನ್ನೂರು ಮೀಟರಿಗಿಂತ ದೂರದಿಂದ ಒಂದು ಕಟ್ಟಡದ ಹ್ಯೂ ಬಲ್ಬುಗಳನ್ನ ಮಿಟುಕಿಸಿ ತೋರಿಸಿದ್ರು. ಕಂಪನಿ ಆಮೇಲೆ ಆ ದೋಷ ಮುಚ್ಚಿತು."

"ತೆಂಗಿನ ಗರಿನೇ ವಾಸಿ," ಎಂದರು ಮಾವ.

ಹೊರಡಲು ಎದ್ದವರು ಪಡಸಾಲೆಯ ಹೊರಗೆ ನಿಂತುಬಿಟ್ಟರು. ಬಾಗಿಲ ಮೇಲಿನ ಬಲ್ಬು ಇಂಗಳದ ಬಣ್ಣದಲ್ಲಿ ಉರಿಯುತ್ತಿತ್ತು. ಹುಡುಗಿಯ ಪ್ರಯೋಗಗಳಲ್ಲಿ ಮನೆಮಂದಿ ಮೆಚ್ಚಿದ್ದು ಇದೊಂದನ್ನೇ. ಮಳೆ ಬಿದ್ದ ಸಂಜೆ ಬಿಳಿ ದೀಪಕ್ಕೆ ಈಸಲು ಹುಳ ಮುತ್ತಿ, ಬೆಳಿಗ್ಗೆ ರೆಕ್ಕೆ ಗುಡಿಸುವುದೇ ಕೆಲಸವಾಗುತ್ತಿತ್ತು. ಬಹುಪಾಲು ಹುಳುಗಳ ಕಣ್ಣು ನೀಲಿ, ನೇರಳೆ ಮತ್ತು ಅದರಾಚೆಗಿನ ಬೆಳಕಿಗೆ ಚುರುಕು. ಕೆಂಪಿನ ಕಡೆ ಮಂದ. ನೀಲಿಯನ್ನು ಪೂರಾ ತೆಗೆದು ಕೆಂಪಿಗೆ ಚೂರು ಹಸಿರು ಬೆರೆಸಿದ ಮೇಲೆ ಹುಳ ಕಡಿಮೆಯಾದವು. ಮನುಷ್ಯರಿಗೂ ಇದೇ ಹಿತ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ನೋಡಲಿಕ್ಕಲ್ಲದೆ ಹಗಲಿರುಳು ಅಳೆಯಲೆಂದೇ ಇರುವ ಕೋಶಗಳಿವೆಯೆಂದು 2002ರಲ್ಲಿ ಖಚಿತವಾಯಿತು. ಅವಕ್ಕೆ ಹೆಚ್ಚು ನಾಟುವುದು 480 ನ್ಯಾನೋಮೀಟರಿನ ಸುತ್ತಲಿನ ನೀಲಿ. ಅದಕ್ಕೇ ಹುಡುಗಿ ಮಲಗುವ ಕೋಣೆಯಲ್ಲಿ ಎಂಟರ ಮೇಲೆ ನೀಲಿಯನ್ನು ಇಳಿಸಿದ್ದಳು. ಕಾಡಂಚಿನ ಊರಿಗೆ ಇಂಥ ಬೆಳಕೇ ಸರಿ ಎಂಬುದು ಅವಳ ವಾದ. ಬಂಡೀಪುರದ ಒಳಗೆ 2009ರಿಂದ ರಾತ್ರಿ ಒಂಬತ್ತರ ಮೇಲೆ ಬಹುಪಾಲು ವಾಹನ ಬಿಡುತ್ತಿಲ್ಲ. ಹೆಡ್‌ಲೈಟಿಗೆ ಗೇಟು ಹಾಕಿದ ಮೇಲೆ ರೆಸಾರ್ಟಿನ ಫ್ಲಡ್‌ಲೈಟಿಗೂ ಯಾರಾದರೂ ಹೇಳಬೇಕಲ್ಲ ಎನ್ನುತ್ತಾಳೆ.

ಮಾವ ಇದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಬಲ್ಬಿನ ನೇರ ಕೆಳಗಿದ್ದ ಸೇವಂತಿಗೆ ಕುಂಡವನ್ನೇ ನೋಡುತ್ತಿದ್ದರು.

"ಈ ಗಿಡ ಮೊಗ್ಗು ಕಟ್ಟಿಲ್ಲ ಯಾಕ?"

"ಗೊಬ್ಬರ ಸಾಲ್ದೇನೋ."

"ಗೋಡೆ ಆಚೆ ಇರದು ಇದರ ಜೊತೆದೇ ಅಲ್ವಾ? ಅದು ನೋಡು."

ಗೋಡೆಯ ಮರೆಯಲ್ಲಿದ್ದ ಕುಂಡದ ತುಂಬ ಮೆಣಸಿನ ಕಾಳಿನಷ್ಟು ಮೊಗ್ಗು. ದೀಪದ ಕೆಳಗಿನದು ಸೊಂಪಾಗಿ, ಎತ್ತರವಾಗಿ, ಬರೀ ಎಲೆ. ಮಾವ ನಕ್ಕರು. "ಗೊಬ್ಬರ ಅಲ್ಲ ಕಣವ್ವ. ನೀ ಇದಕ್ಕ ರಾತ್ರಿಯೆಲ್ಲ ಹಗಲು ತೋರಿಸ್ತಿದೀಯ. ತೆರಕಣಾಂಬಿ ಕಡೆ ತೋಟಕ್ಕ ನಾ ಬಲ್ಬು ಕಟ್ಟಿಕೊಟ್ಟಿರದು ಇದಕ್ಕೇಯ."

ರಾತ್ರಿ ಹೊತ್ತು ಹೊಲದ ಮೇಲೆ ಸಾಲಾಗಿ ತೂಗುವ ಬಲ್ಬುಗಳನ್ನು ಹೊಸಬರು ಮದುವೆಮನೆಯೆಂದು ತಿಳಿಯುತ್ತಾರೆ. ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಗುಂಡ್ಲುಪೇಟೆಯ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೂ ವ್ಯತ್ಯಾಸವಿಲ್ಲ. ಅಷ್ಟನ್ನೇ ಗಿಡ ಲೆಕ್ಕ ಹಿಡಿಯುತ್ತದೆ. ನೆಟ್ಟ ಹೊಸತರಲ್ಲೇ ರಾತ್ರಿ ಉದ್ದವೆನಿಸಿದರೆ ಗೇಣುದ್ದದ ಗಿಡವೇ ಮೊಗ್ಗು ಕಟ್ಟಿ, ಕೈಗೆ ನಾಲ್ಕು ಹೂ ಸಿಗುತ್ತದೆ. ಅದಕ್ಕೆ ರೈತರು ಗಿಡ ಕವಲೊಡೆದು ಎತ್ತರಕ್ಕೆ ಬರುವವರೆಗೆ ರಾತ್ರಿ ದೀಪ ಹಾಕಿ, ಆಮೇಲೆ ಒಮ್ಮೆಗೇ ನಿಲ್ಲಿಸುತ್ತಾರೆ. ಕತ್ತಲು ಸಿಕ್ಕ ಗಿಡವೆಲ್ಲ ಒಟ್ಟಿಗೆ ಮೊಗ್ಗಾಗುತ್ತದೆ. ಹಬ್ಬದ ಮಾರುಕಟ್ಟೆಗೆ ತಾರೀಕು ಹೊಂದಿಸುವುದು ಹೀಗೆ.

ಇದರ ಶಾಸ್ತ್ರ ಶುರುವಾದದ್ದು ಹೊಗೆಸೊಪ್ಪಿನಿಂದ. ಅಮೆರಿಕದ ಗಾರ್ನರ್, ಅಲ್ಲಾರ್ಡ್ ಎಂಬಿಬ್ಬರು, ಹೊಲದಲ್ಲಿ ಹೂ ಬಿಡದೆ ಬೆಳೆಯುತ್ತಲೇ ಹೋಗುವ ಒಂದು ತಂಬಾಕು ತಳಿಯನ್ನು ಬೇಸಿಗೆಯಲ್ಲಿ ದಿನವೂ ಹೊತ್ತಿಗೆ ಮುಂಚೆ ಕತ್ತಲ ಕೋಣೆಗೆ ಸಾಗಿಸಿ ಹೂ ಬಿಡಿಸಿದರು. 1920ರಲ್ಲಿ ಅದನ್ನು ಪ್ರಕಟಿಸಿದರು. ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂದು 1938ರಲ್ಲಿ ಗೊತ್ತಾಯಿತು. ನಡುರಾತ್ರಿ ಬೆಳಕು ಬಿದ್ದರೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಯಾಗಿಬಿಡುತ್ತದೆ. ಆ ಬೆಳಕನ್ನು ಹಿಡಿಯುವ ವಸ್ತುವಿಗೆ ಫೈಟೋಕ್ರೋಮ್ ಎಂದು ಹೆಸರು. ಅದಕ್ಕೆ ಬಲವಾಗಿ ನಾಟುವ ಬಣ್ಣ ಕೆಂಪು.

ಹುಡುಗಿ ತಲೆಯ ಮೇಲೆ ಕೈ ಹೊತ್ತಳು. ಹುಳಕ್ಕೆ ಕಾಣದಿರಲಿ, ನಿದ್ದೆಗೆ ತಾಗದಿರಲಿ ಎಂದು ಆರಿಸಿದ ಬಣ್ಣವೇ ಸೇವಂತಿಗೆಯ ಕಣ್ಣಿಗೆ ನಡುಹಗಲು.

"ಹಾಗಾದ್ರೆ ತೋಟಕ್ಕೆ ಬಿಳಿ ಬಲ್ಬು ಯಾಕೆ ಹಾಕ್ತಾರೆ? ಬರೀ ಕೆಂಪು ಹಾಕಿದ್ರೆ ಕಡಿಮೆ ವ್ಯಾಟಲ್ಲಿ ಆಗುತ್ತಲ್ಲ?"

"ಅಂಗಡೀಲಿ ಸಿಗದು ಬಿಳೀದು. ನೂರು ರೂಪಾಯಿ ಒಳಗ ಬತ್ತದ. ನಿಂದು ಐನೂರರ ಮೇಲೆ. ತೋಟಕ್ಕ ನೂರಾರು ಬೇಕು. ನಿನ್ನ ವೈಫೈ ಎಷ್ಟು ಬಲ್ಬ ತಡೀತದ?"

"ಮನೇ ರೌಟರಿಗೆ ಅಷ್ಟೊಂದು ಆಗಲ್ಲ. ಆದರೆ ತೋಟಕ್ಕೆ ಬಲ್ಬು ಬುದ್ಧಿವಂತ ಆಗಬೇಕಾಗಿಲ್ಲ, ಟೈಮರ್ ಒಂದಿದ್ರೆ ಸಾಕು. ರಾತ್ರಿಯೆಲ್ಲ ಬೇಕಾ, ನಡುರಾತ್ರಿ ಎರಡು ಗಂಟೆ ಸಾಕಾ ಅನ್ನೋದು ಮುಖ್ಯ."

ಮಾವ ಮೆಟ್ಟಿಲ ಮೇಲೆ ಕೂತರು. ಆ ತೋಟದವರು ದೀಪವನ್ನು ಕತ್ತಲಾದಾಗ ಹಾಕಿ ಕಣ್ಣೆಳೆದಾಗ ತೆಗೆಯುತ್ತಾರೆ. ನಡುರಾತ್ರಿ ಎದ್ದು ಯಾರು ಹಾಕುತ್ತಾರೆ? ನಡುರಾತ್ರಿಯ ಎರಡು ಗಂಟೆ ಸಾಲುವುದಾದರೆ ಉರಿಸುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪುಸ್ತಕದಲ್ಲಿ ಸಾಲುತ್ತದೆ ಎಂದಿದೆ. ಈ ತಳಿಗೆ, ಈ ಎತ್ತರದಲ್ಲಿ ಕಟ್ಟಿದ ದೀಪಕ್ಕೆ, ಈ ಕರೆಂಟಿಗೆ ಸಾಲುತ್ತದೆಯೇ ಎಂಬುದನ್ನು ಪುಸ್ತಕ ಹೇಳುವುದಿಲ್ಲ.

"ಹಳೇ ಗಿಡದಲ್ಲಿ ನೋಡಬ್ಯಾಡ. ನಾಳೆ ತೋಟದಿಂದ ಎರಡು ಸಸಿ ತತ್ತೀನಿ. ಒಂದ ದೀಪದ ಕೆಳಗ, ಒಂದ ಗೋಡೆ ಆಚೆ. ದೀಪ ಬರೀ ಕೆಂಪು, ಹನ್ನೊಂದೂವರೆಯಿಂದ ಒಂದೂವರೆ. ಮಿಕ್ಕ ಹೊತ್ತು ಕತ್ತಲೆ."

ಹುಡುಗಿ ಮೊಬೈಲಿನಲ್ಲಿ ವೇಳಾಪಟ್ಟಿ ಹಾಕಿದಳು. ಕರೆಂಟು ಬಂದಾಗ ತಾನಾಗಿ ಹತ್ತದಂತೆ ಆ ಬಲ್ಬಿನ ಸೆಟ್ಟಿಂಗನ್ನೂ ಬದಲಾಯಿಸಿದಳು. ಅದರಿಂದ ಹೊಸ ತೊಡಕೊಂದು ಎದ್ದಿತು: ಹನ್ನೆರಡಕ್ಕೆ ಕರೆಂಟು ಹೋಗಿ ಕಾಲುಗಂಟೆ ಬಿಟ್ಟು ಬಂದರೆ ಬಲ್ಬು ಆರಿಯೇ ಇರುತ್ತದೆ, ಗಿಡಕ್ಕೆ ಆವತ್ತು ಅರ್ಧ ಗಂಟೆಯ ಬೆಳಕಷ್ಟೇ. ಹಿಂದಿನ ಸ್ಥಿತಿಗೆ ಮರಳುವಂತೆ ಇಟ್ಟರೆ, ಒಂದೂವರೆಗೆ ಕರೆಂಟಿಲ್ಲದೆ ಎರಡಕ್ಕೆ ಬಂದಾಗ ಹತ್ತಿಕೊಂಡು ಬೆಳಗಿನವರೆಗೂ ಉರಿಯುತ್ತದೆ. ಕೊನೆಗೆ ಹಿಂದಿನ ಸ್ಥಿತಿಗೆ ಮರಳುವಂತೆಯೇ ಇಟ್ಟು, ಒಂದೂವರೆಗೆ ಒಂದು, ಎರಡೂವರೆಗೆ ಒಂದು, ಮೂರೂವರೆಗೆ ಒಂದು ಎಂದು ಮೂರು ಸಲ ಆಫ್ ಅಪ್ಪಣೆ ಹಾಕಿಟ್ಟಳು.

ಒಳಗಿನಿಂದ ಅಜ್ಜಿ ಬಂದರು. ಹೊರಗಿನ ದೀಪ ಸಂಜೆ ಹೊತ್ತಿಗೆ ಇರುವುದಿಲ್ಲವೆಂದು ತಿಳಿದು ಮಗನನ್ನೂ ಮೊಮ್ಮಗಳನ್ನೂ ಒಟ್ಟಿಗೆ ಬೈದರು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಕತ್ತಲಿರಬಾರದು. ಆಯುಧಪೂಜೆಗೆ ಮನೆಯದೇ ಹೂವೂ ಬೇಕು. ಸಂಜೆ ಆರೂವರೆಯಿಂದ ಎಂಟರವರೆಗೆ ಬೆಳಕು ಬಿದ್ದರೆ ಗಿಡದ ಲೆಕ್ಕ ಏನಾಗುತ್ತದೆ ಎಂದು ಮಾವ, ಸಸಿಯನ್ನು ಹಿತ್ತಲಿಗೆ ಸಾಗಿಸಿ ಬಲ್ಬನ್ನೂ ಅಲ್ಲಿಗೆ ಎಳೆದರೆ ವೈಫೈ ಮುಟ್ಟುತ್ತದೆಯೇ ಎಂದು ಹುಡುಗಿ. ಹಿತ್ತಲಿಗೆ ಹೋಲ್ಡರು ಹಾಕಲು ಎಷ್ಟು ಮೀಟರು ವೈರು ಬೇಕೆಂದು ಮಾವ ಮೊಳ ಹಾಕಿ ಅಳೆಯತೊಡಗಿದರು.